ಹೊಲಿಗೆ ಪ್ರೀತಿಯನ್ನೇ ಮನೆಯಿಂದ ಸಣ್ಣ ಬಿಸಿನೆಸ್ ಮಾಡ್ಕೊಳ್ಳೋದು: ಏನು ಹೊಲೀಬೇಕು, ಎಷ್ಟು ಕೇಳ್ಬೇಕು?

ಹೊಲಿಗೆಪ್ರೀತಿ:
ಎಲ್ರಿಗೂ ನಮಸ್ಕಾರ, ತುಂಬಾ ದಿನದಿಂದ ಕೇಳ್ಬೇಕು ಅಂದ್ಕೊಂಡಿದ್ದು ಇವತ್ತು ಕೇಳೇಬಿಡ್ತೀನಿ. ನಂಗೆ ಹೊಲಿಗೆ ಅಂದ್ರೆ ಪ್ರಾಣ. ಚಿಕ್ಕವಳಿದ್ದಾಗ ಗೊಂಬೆಗೆ ಚಿಂದಿ ಬಟ್ಟೇಲಿ ಕೈಹೊಲಿಗೆ ಹಾಕ್ತಿದ್ದೋಳು, ಈಗ ಮನೆಯವರ ಬಟ್ಟೆ, ಪರದೆ, ದಿಂಬಿನ ಕವರು, ಬ್ಯಾಗು ಎಲ್ಲಾ ನಾನೇ ಹೊಲೀತೀನಿ, ಗೊತ್ತಿರೋರಿಗೂ ಹೊಲಿದು ಕೊಟ್ಟಿದೀನಿ, ಯಾರ ಹತ್ರಾನೂ ದುಡ್ಡು ತಗೊಂಡಿಲ್ಲ. ನೋಡಿದೋರೆಲ್ಲಾ ಇದನ್ನೇ ಯಾಕೆ ಕೆಲಸ ಮಾಡ್ಕೋಬಾರ್ದು ಅಂತಾರೆ, ನಂಗೂ ಆಸೆ ಇದೆ. ಆದ್ರೆ ಕೂತು ಯೋಚನೆ ಮಾಡಿದ್ರೆ ಒಂದರ ಹಿಂದೆ ಒಂದು ಪ್ರಶ್ನೆ. ಬಟ್ಟೆ ಹೊಲಿದು ಕೊಡೋದಾ, ಆಲ್ಟರೇಶನ್ ಮಾಡೋದಾ, ಇಲ್ಲ ಬ್ಯಾಗು ಪೌಚು ಥರದ್ದು ಮೊದ್ಲೇ ಹೊಲಿದಿಟ್ಟು ಮಾರೋದಾ? ರೇಟ್ ಹೇಗೆ ಹೇಳೋದು? ಹೊಸ ಮಷೀನ್ ಬೇಕಾ? ಇನ್ನೊಂದು ಭಯಾನೂ ಇದೆ, ಇಷ್ಟಪಟ್ಟು ಮಾಡೋ ಕೆಲಸಕ್ಕೆ ದುಡ್ಡು ಸೇರಿದ್ರೆ ಆ ಇಷ್ಟಾನೇ ಹೋಗ್ಬಿಡುತ್ತಾ ಅಂತ. ಮನೆಯಿಂದ ಮಾಡ್ತಿರೋರು ದಯವಿಟ್ಟು ಸ್ವಲ್ಪ ವಿವರವಾಗಿ ಹೇಳಿ.

ಕತ್ತರಿಕೈ:
ಒಳ್ಳೇ ಯೋಚನೆ, ಮುಂದುವರೀರಿ. ನಾನು ವರ್ಷಾನುಗಟ್ಟಲೆ ಮನೆಯಿಂದಾನೇ ಹೊಲಿದು ಕೊಡ್ತಾ ಇದೀನಿ. ನಿಮಗೆ ಮೊದಲನೇ ಕೆಲಸ ಹೇಳ್ತೀನಿ, ಇದಕ್ಕೆ ಒಂದು ಪೈಸಾ ಖರ್ಚಿಲ್ಲ. ಇವತ್ತಿಂದ ಹೊಲಿಯೋ ಪ್ರತಿಯೊಂದಕ್ಕೂ ಟೈಮ್ ಬರೆದಿಡಿ. ಬರೀ ಮಷೀನ್ ಮುಂದೆ ಕೂತ ಟೈಮ್ ಬರೆದ್ರೆ ಪ್ರಯೋಜನ ಇಲ್ಲ, ಬಟ್ಟೆ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದ್ದು, ಪ್ಯಾಟರ್ನ್ (ಅಳತೆಗೆ ಕತ್ತರಿಸಿದ ಕಾಗದದ ನಮೂನೆ) ಹಾಸಿ ಕತ್ತರಿಸಿದ್ದು, ಬಾಬಿನ್ (ಕೆಳಗಿನ ದಾರದ ಉರುಳೆ) ತುಂಬಿದ್ದು, ಬಿಚ್ಚಿ ಮತ್ತೆ ಹೊಲಿದಿದ್ದು, ದಾರದ ತುದಿ ಕತ್ತರಿಸಿದ್ದು, ಕೊನೇ ಇಸ್ತ್ರಿ ಎಲ್ಲಾನೂ ಬೇರೆ ಬೇರೆ ಬರೀರಿ. ಮನೆಯವರಿಗೆ ಹೊಲಿಯುವಾಗ ಯಾರೂ ಇದನ್ನ ಲೆಕ್ಕ ಇಡಲ್ಲ, ಸಂತೋಷದಲ್ಲಿ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಒಂದು ಪುಟ್ಟ ಫ್ರಾಕ್ ಒಂದೂವರೆ ಗಂಟೇಲಿ ಮುಗಿಸ್ತೀನಿ ಅಂತ ನಾವು ಹೇಳೋದು ಹೊಲಿಗೆಯ ಟೈಮ್ ಮಾತ್ರ, ಉಳಿದಿದ್ದು ಸೇರಿಸಿದ್ರೆ ಅದರ ಎರಡರಷ್ಟು ಆಗಿರುತ್ತೆ. ಆ ಪುಸ್ತಕ ಒಂದೆರಡು ತಿಂಗಳು ತುಂಬಿದ ಮೇಲೆ ಏನು ಹೊಲೀಬೇಕು, ಎಷ್ಟು ಕೇಳ್ಬೇಕು ಎರಡಕ್ಕೂ ಅರ್ಧ ಉತ್ತರ ಅದರಲ್ಲೇ ಸಿಗುತ್ತೆ.

ಇನ್ನೊಂದು ಮಾತು, ಎಲ್ಲಾನೂ ಹೊಲೀತೀನಿ ಅಂತ ಬೋರ್ಡ್ ಹಾಕ್ಬೇಡಿ. ಒಂದೇ ಥರದ್ದನ್ನ ಮತ್ತೆ ಮತ್ತೆ ಹೊಲಿದಾಗ ಕೈ ತಾನಾಗೇ ವೇಗ ಆಗುತ್ತೆ, ಬಟ್ಟೆ ಎಷ್ಟು ಬೇಕು ಅಂತ ಕಣ್ಣಳತೇಲೇ ಗೊತ್ತಾಗುತ್ತೆ, ತುಂಡು ವೇಸ್ಟ್ ಆಗಲ್ಲ. ಪ್ರತಿ ಆರ್ಡರೂ ಹೊಸ ಥರದ್ದಾದ್ರೆ ಪ್ರತಿ ಸಲಾನೂ ಕಲಿಕೆಯ ಟೈಮ್ ನಿಮ್ಮ ತಲೆ ಮೇಲೇ ಬೀಳುತ್ತೆ, ಅದನ್ನ ಗಿರಾಕಿ ಹತ್ರ ಕೇಳೋಕೂ ಆಗಲ್ಲ.

ಬಾಬಿನ್‌ಬುಟ್ಟಿ:
ಆಲ್ಟರೇಶನ್‌ನಿಂದ ಶುರು ಮಾಡಿ ಅಂತ ನನ್ನ ಸಲಹೆ. ಬಟ್ಟೆ ಕೊಂಡು ಸ್ಟಾಕ್ ಇಡ್ಬೇಕಿಲ್ಲ, ಬಂಡವಾಳ ಅಂದ್ರೆ ನಿಮ್ಮ ಮಷೀನು, ಕತ್ತರಿ, ಬಿಚ್ಚೋ ಕೊಕ್ಕೆ, ನಾಲ್ಕಾರು ಬಣ್ಣದ ದಾರ, ಒಳ್ಳೇ ಇಸ್ತ್ರಿಪೆಟ್ಟಿಗೆ, ಅಷ್ಟೇ. ಪ್ಯಾಂಟಿನ ಉದ್ದ ಕಮ್ಮಿ ಮಾಡೋದು, ಜಿಪ್ ಬದಲಾಯಿಸೋದು, ಸೊಂಟ ಬಿಗಿ ಮಾಡೋದು ಇದೆಲ್ಲಾ ವರ್ಷಪೂರ್ತಿ ಬರೋ ಕೆಲಸ. ಜನ ರೆಡಿಮೇಡ್ ಕೊಂಡ್ಕೋತಾರೆ, ಆದ್ರೆ ಮೈಗೆ ಸರಿಯಾಗಿ ಕೂರೋದು ಕಮ್ಮಿ, ಅಲ್ಲೇ ನಮ್ಮ ಕೆಲಸ ಇರೋದು. ದುಡ್ಡೂ ಬೇಗ ಕೈಗೆ ಬರುತ್ತೆ.

ನೂಲೇಣಿ:
ಬಾಬಿನ್‌ಬುಟ್ಟಿ ಅವ್ರೇ, ಬಂಡವಾಳದ ವಿಷಯ ಒಪ್ತೀನಿ, ಆದ್ರೆ ಆಲ್ಟರೇಶನ್ ಸುಲಭ ಅಂತ ಹೊಸಬರಿಗೆ ಅನ್ನಿಸ್ಬಾರ್ದು. ಹೊಸ ಬಟ್ಟೆ ಹೊಲಿಯುವಾಗ ತಪ್ಪಾದ್ರೆ ಇನ್ನೊಂದು ತುಂಡು ತಗೋಬಹುದು, ಆಲ್ಟರೇಶನ್‌ನಲ್ಲಿ ಇನ್ನೊಬ್ಬರ ಇಷ್ಟದ ಉಡುಪು ನಮ್ಮ ಕೈಲಿರುತ್ತೆ, ಅದಕ್ಕೆ ಬದಲಿ ಇರಲ್ಲ. ಬೇರೆ ಯಾರೋ ಹೊಲಿದಿರೋದರ ಒಳಗೆ ಏನಿದೆ ಅಂತ ನೋಡದೆ ಒಪ್ಕೊಳ್ಳೋದು ಬೇಡ.

ಒಂದು ಉದಾಹರಣೆ ಹೇಳ್ತೀನಿ. ಬಿಗಿಯಾಗಿರೋ ಬಟ್ಟೆ ಸಡಿಲ ಮಾಡಿಕೊಡಿ ಅಂತ ಬರ್ತಾರೆ. ತಕ್ಷಣ ಹೂಂ ಅನ್ಬೇಡಿ, ಮೊದ್ಲು ಅವ್ರ ಮುಂದೇನೇ ಒಳಮೈ ತಿರುಗಿಸಿ ನೋಡಿ. ಪಕ್ಕದ ಹೊಲಿಗೆ ಒಳಗೆ ಮಾರ್ಜಿನ್, ಅಂದ್ರೆ ಹೊಲಿಗೆ ಆಚೆ ಉಳಿಸಿರೋ ಬಟ್ಟೆ, ಎಷ್ಟಿದೆ? ಮನೇಲಿ ಹೊಲಿಯೋರ ರೆಡಿ ಪ್ಯಾಟರ್ನುಗಳಲ್ಲಿ ಸಾಮಾನ್ಯವಾಗಿ 1.5 ಸೆಂಟಿಮೀಟರ್ ಬಿಟ್ಟಿರ್ತಾರೆ, ಫ್ಯಾಕ್ಟರಿ ಬಟ್ಟೇಲಿ ಒಂದು ಸೆಂಟಿಮೀಟರ್ ಅಥವಾ ಅದಕ್ಕೂ ಕಮ್ಮಿ, ಅದನ್ನೂ ಓವರ್‌ಲಾಕ್ (ಅಂಚು ಬಿಚ್ಚದಂತೆ ಹೊಲಿಯೋ ಮಷೀನ್) ಬ್ಲೇಡು ಕತ್ತರಿಸಿ ಬಿಟ್ಟಿರುತ್ತೆ, ಬಿಡೋಕೆ ಏನೂ ಉಳಿದಿರಲ್ಲ. ಮಾರ್ಜಿನ್ ಇದ್ರೂ ಇನ್ನೆರಡು ನೋಡ್ಬೇಕು. ಒಂದು, ಹಳೇ ಹೊಲಿಗೆ ಬಿಚ್ಚಿದ್ರೆ ಸೂಜಿ ತೂತು ಉಳಿಯುತ್ತಾ. ಸ್ಯಾಟಿನ್, ಒತ್ತು ನೇಯ್ಗೆಯ ರೇಷ್ಮೆ ಇವುಗಳಲ್ಲಿ ಉಳಿದೇ ಉಳಿಯುತ್ತೆ, ಲೆದರ್ ಆದ್ರಂತೂ ತೂತು ಶಾಶ್ವತ. ಎರಡು, ಬಣ್ಣ. ಬಿಸಿಲಿಗೆ ಒಗೆತಕ್ಕೆ ಹೊರಮೈ ಮಾಸಿರುತ್ತೆ, ಒಳಗೆ ಮಡಚಿದ್ದ ಭಾಗ ಹೊಸದರ ಥರಾನೇ ಇರುತ್ತೆ, ಬಿಚ್ಚಿ ಸಡಿಲ ಮಾಡಿದಾಗ ಪಕ್ಕದಲ್ಲಿ ಮೇಲಿಂದ ಕೆಳಗೆ ಗಾಢ ಬಣ್ಣದ ಒಂದು ಪಟ್ಟಿ ಎದ್ದು ಕಾಣುತ್ತೆ. ಇದನ್ನ ಕೆಲಸಕ್ಕೆ ಮುಂಚೆ ಬೆರಳಿಟ್ಟು ತೋರಿಸಿದ್ರೆ ಗಿರಾಕಿ ಯೋಚನೆ ಮಾಡಿ ಬೇಕು ಬೇಡ ಹೇಳ್ತಾರೆ, ಆಮೇಲೆ ತೋರಿಸಿದ್ರೆ ನೀವೇ ಹಾಳು ಮಾಡಿದ್ರಿ ಅಂತಾರೆ.

ಲೈನಿಂಗ್ ಇರೋ ಕೋಟು, ಮಣಿ ಕೆಲಸದ ಬಟ್ಟೆ ಇವನ್ನೆಲ್ಲಾ ಶುರುವಲ್ಲಿ ಒಪ್ಕೋಬೇಡಿ. ಬೇಡ ಅನ್ನೋಕೆ ಬರೋದೂ ಈ ಕೆಲಸದ ಒಂದು ಭಾಗ.

ಬಾಬಿನ್‌ಬುಟ್ಟಿ:
ನೂಲೇಣಿ ಹೇಳಿದ್ದು ಸರಿ, ಒಳಮೈ ತಿರುಗಿಸಿ ನೋಡೋದು ನಾನೂ ಮಾಡ್ತೀನಿ, ಬರೆಯೋಕೆ ಬಿಟ್ಟೋಯ್ತು. ಆದ್ರೂ ನನ್ನ ಮಾತಿಗೆ ನಾನು ನಿಲ್ತೀನಿ, ಆಲ್ಟರೇಶನ್ ಕಲಿಸಿದಷ್ಟು ಬೇರೆ ಯಾವ ಕೆಲಸಾನೂ ಕಲಿಸಲ್ಲ. ಬೇರೆಯವ್ರು ಹೊಲಿದಿದ್ದನ್ನ ಬಿಚ್ಚಿದಾಗ ಯಾವುದರ ಮೇಲೆ ಯಾವುದು ಕೂತಿದೆ, ಮೊದಲು ಯಾವ ಹೊಲಿಗೆ ಬಿದ್ದಿದೆ ಅಂತ ಪದರ ಪದರವಾಗಿ ಕಾಣುತ್ತೆ. ಜೀನ್ಸ್ ಉದ್ದ ಕಮ್ಮಿ ಮಾಡುವಾಗ ಮೂಲ ಅಂಚನ್ನೇ ಉಳಿಸಿಕೊಂಡು ಮೇಲಕ್ಕೆ ಎಳೆದು ಜೋಡಿಸೋದನ್ನ ಕಲಿತ್ಕೊಂಡ್ರೆ ಅದೊಂದರಿಂದಾನೇ ಗಿರಾಕಿಗಳು ಹುಡುಕ್ಕೊಂಡು ಬರ್ತಾರೆ, ಕಂಪನಿಯವರು ಹಾಕಿರೋ ಆ ಮಾಸಲು ಅಂಚೇ ಬೇಕು ಅನ್ನೋರು ಬಹಳ ಜನ. ಅದಕ್ಕೆ 100/16 ಜೀನ್ಸ್ ಸೂಜಿ ಹಾಕಿ, ಪಕ್ಕದ ಹೊಲಿಗೆ ಸೇರೋ ಕಡೆ ಬಟ್ಟೆ ದಪ್ಪ ಆಗಿರುತ್ತಲ್ಲ ಅಲ್ಲಿ ಪೆಡಲ್ ಬಿಟ್ಟು ಕೈಯಿಂದ ಚಕ್ರ ತಿರುಗಿಸಿ ಹೊಲೀರಿ.

ಅಂಚುಪಟ್ಟಿ:
ಮಷೀನ್ ಬಗ್ಗೆ ಯಾರೂ ಹೇಳವಲ್ರಿ, ಅದಕ್ಕ ನಾ ಬರೀತೀನಿ. ಅಕ್ಕಾರ, ಸದ್ಯಕ್ಕ ಹೊಸಾದು ತಗೋಬ್ಯಾಡ್ರಿ. ಇದ್ದ ಮಷೀನ್ ಸರ್ವಿಸ್ ಮಾಡಿಸ್ರಿ, ಶಟಲ್ (ಬಾಬಿನ್ ಕುಂದರೂ ಜಾಗ) ಕೆಳಗ ಕುಂತಿರೋ ಹತ್ತಿ ದೂಳು ಬ್ರಷ್‌ಲೆ ತಗೀರಿ, ಎಣ್ಣಿ ಹಾಕೂ ಮಷೀನ್ ಇದ್ರ ಎಣ್ಣಿ ಹಾಕ್ರಿ. ಸೂಜಿ ಕಡೆ ಭಾಳ ಮಂದಿ ಲಕ್ಷ್ಯ ಕೊಡಂಗಿಲ್ಲ, ಮುರಿಯೂತನಾ ಅದ ಸೂಜಿ ನಡಸ್ತಾರ. ಸುಮಾರು 8 ತಾಸು ಹೊಲಿದ ಮ್ಯಾಲ ಸೂಜಿ ಬದಲಿ ಮಾಡ್ರಿ ಅಂತ ತಿಳದವರು ಹೇಳ್ತಾರ, ದುಡ್ಡಿಗೆ ಹೊಲಿಯೂ ಮುಂದ ಅದು ಖರೇನ ಬೇಕು. ಮೊಂಡ ಸೂಜಿ ಬಟ್ಟಿ ನೂಲು ಎಳೀತೈತಿ, ಟಾಕಿ ಬಿಡತೈತಿ, ನಾವು ಸುಮ್ನ ದಾರದ ಟೆನ್ಶನ್ (ಬಿಗುವು) ತಿರುವಿಕೋತ ಕುಂದರತೀವಿ. ಸೂಜಿ ಮ್ಯಾಲ 90/14 ಅಂತ ಬರದಿರತೈತಲ್ಲ, 90 ಅಂದ್ರ ಸೂಜಿ ದಪ್ಪ 0.9 ಮಿಲಿಮೀಟರ್ ಅಂತ. ತೆಳ್ಳನ್ನ ಬಟ್ಟಿಗೆ 70, ಸಾದಾ ಹತ್ತಿ ಬಟ್ಟಿಗೆ 80, ದಪ್ಪಂದಕ್ಕ 90, 100. ಟೀಶರ್ಟ್ ಬಟ್ಟಿಗೆ ಬಾಲ್‌ಪಾಯಿಂಟ್ ಸೂಜಿನ ಬೇಕು, ಅದರ ತುದಿ ದುಂಡಗ ಇರತೈತಿ, ನೂಲು ಹರಿಲಾರದಂಗ ಸರಿಸಿ ಒಳಗ ಹೋಗತೈತಿ.

ಮುಂದ ಆರ್ಡರ್ ಹೆಚ್ಚಾದ್ರ ಇಂಡಸ್ಟ್ರಿಯಲ್ ಮಷೀನ್ ವಿಚಾರ ಮಾಡ್ರಿ. ಮನಿ ಮಷೀನ್ ಮಿನಿಟಿಗೆ ಹೆಚ್ಚಂದ್ರ ಸಾವಿರದ ಆಸುಪಾಸು ಟಾಕಿ ಹಾಕತೈತಿ, ಇಂಡಸ್ಟ್ರಿಯಲ್ದು 5000ದ ಮಟಾ ಹೋಗತೈತಿ. ಆದ್ರ ಅದು ನೆಟ್ಟನ್ನ ಹೊಲಿಗಿ ಒಂದ ಮಾಡತೈತಿ, ಜಿಗ್‌ಜ್ಯಾಗ್ ಇಲ್ಲ, ಕಾಜಾ ಇಲ್ಲ, ಮ್ಯಾಲ ಟೇಬಲ್ ಸಮೇತ ಜಾಗ ತಿಂತೈತಿ. ಸೂಜೀನೂ ಬ್ಯಾರೆ, ದುಂಡ ಬುಡದ್ದು. ತಗೊಂಡ್ರ ಸರ್ವೊ ಮೋಟರ್ ಇರೂದ ತಗೋರಿ, ಕಾಲು ಒತ್ತಿದಾಗಷ್ಟ ತಿರಗತೈತಿ, ಸಪ್ಪಳ ಕಡಿಮಿ. ಹಳೀ ಕ್ಲಚ್ ಮೋಟರ್ ಸುಮ್ನ ಕುಂತಾಗೂ ಗುಂಯ್ ಅಂತಿರತೈತಿ, ಮನ್ಯಾಗ ಮಲಗಿದವರಿಗೆ ತ್ರಾಸ. ಸಿಂಗರ್ ಕಂಪನಿ 1850ರ ದಶಕದಾಗ ಕಂತಿನ ಮ್ಯಾಲ ಮಷೀನ್ ಕೊಡಾಕ ಶುರು ಮಾಡಿದಾಗಿಂದ ಮಂದಿ ಸಾಲದ ಮ್ಯಾಲ ಮಷೀನ್ ತಗೋತಾನ ಬಂದಾರ, ಅದರಾಗ ತಪ್ಪಿಲ್ಲ, ಆದ್ರ ಕಂತು ಕಟ್ಟೂವಷ್ಟು ಆರ್ಡರ್ ಮೊದಲ ಕೈಯಾಗ ಇರಬೇಕು.

ಹೊಲಿಗೆಪ್ರೀತಿ:
ಅಬ್ಬಾ ಎಷ್ಟು ವಿವರವಾಗಿ ಬರೆದಿದೀರಾ, ಎಲ್ರಿಗೂ ಧನ್ಯವಾದ. ಟೈಮ್ ಬರೆಯೋ ಪುಸ್ತಕ ಇವತ್ತೇ ಶುರು ಮಾಡಿದೆ. ರೇಟ್ ಬಗ್ಗೆ ಇನ್ನೂ ಸ್ವಲ್ಪ ಹೇಳಿ ಕತ್ತರಿಕೈ ಅವ್ರೇ. ಗೊತ್ತಿರೋರ ಹತ್ರ ಇಷ್ಟು ಕೊಡಿ ಅಂತ ಬಾಯಿ ಬಿಟ್ಟು ಕೇಳೋಕೆ ನಂಗೆ ದಾಕ್ಷಿಣ್ಯ. ಇಷ್ಟು ದಿನ ಸುಮ್ನೆ ಹೊಲಿದು ಕೊಟ್ಟು ಈಗ ದುಡ್ಡು ಕೇಳಿದ್ರೆ ಏನಂದ್ಕೋತಾರೋ ಅನ್ಸುತ್ತೆ.

ಕತ್ತರಿಕೈ:
ರೇಟ್ ವಿಷಯ ಬಿಡಿಸಿ ಹೇಳ್ತೀನಿ, ಉದ್ದ ಆಗುತ್ತೆ. ದುಡ್ಡಿನ ಅಂಕಿ ಹೇಳಲ್ಲ, ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಗಂಟೆಯಲ್ಲಿ ಲೆಕ್ಕ ಹಾಕೋಣ.

ಜಿಪ್ ಇರೋ ಒಂದು ಪೌಚ್ ಅಂತ ಇಟ್ಕೊಳ್ಳಿ. ಕತ್ತರಿಸೋಕೆ 15 ನಿಮಿಷ, ಫ್ಯೂಸಿಂಗ್ (ಬಟ್ಟೆ ಗಟ್ಟಿಯಾಗಿ ನಿಲ್ಲೋಕೆ ಒಳಗೆ ಹಾಕೋ ಪದರ) ಅಂಟಿಸಿ ಇಸ್ತ್ರಿ ಮಾಡೋಕೆ 10, ಹೊಲಿಗೆ 35, ದಾರ ಕತ್ತರಿಸಿ ತಿರುಗಿಸಿ ಮೂಲೆ ಚೂಪು ಮಾಡಿ ಕೊನೇ ಇಸ್ತ್ರಿ 10, ಫೋಟೋ ತೆಗೆದು ಮೆಸೇಜಿಗೆ ಉತ್ತರ ಕೊಟ್ಟು ಪ್ಯಾಕ್ ಮಾಡೋಕೆ 20. ಒಟ್ಟು 90 ನಿಮಿಷ. ಇದರಲ್ಲಿ ಮಷೀನ್ ಓಡಿದ್ದು ಬರೀ 35 ನಿಮಿಷ, ಬಹಳ ಜನ ರೇಟ್ ಕಟ್ಟೋದು ಆ 35ಕ್ಕೆ. ಉಳಿದ 55 ನಿಮಿಷ ಬಿಟ್ಟಿ ಹೋಯ್ತು. ವರ್ಷಗಟ್ಟಲೆ ಹೊಲಿದು ಕೊನೆಗೆ ಏನೂ ಉಳೀಲಿಲ್ಲ ಅನ್ನೋರ ಲೆಕ್ಕ ನೋಡಿದ್ರೆ ಹೆಚ್ಚಿನ ಸಲ ಇದೇ ಕಾರಣ ಇರುತ್ತೆ.

ಗಂಟೆಗೆ ಎಷ್ಟು ಅನ್ನೋದು ಹೀಗೆ ಕಟ್ಟಿ. ವಾರಕ್ಕೆ ಈ ಕೆಲಸದಿಂದ ಇಷ್ಟು ಬರ್ಬೇಕು ಅಂತ ಒಂದು ಮೊತ್ತ ಬರ್ಕೊಳ್ಳಿ. ವಾರಕ್ಕೆ 20 ಗಂಟೆ ಕೊಡ್ತೀರಿ, ಅದರಲ್ಲಿ 12 ಗಂಟೆ ಮಾತ್ರ ಆರ್ಡರಿನ ಕೆಲಸ, ಉಳಿದಿದ್ದು ಬಟ್ಟೆ ತರೋದು, ಲೆಕ್ಕ ಬರೆಯೋದು, ಮಷೀನ್ ಕ್ಲೀನ್ ಮಾಡೋದು ಅಂತಿಟ್ಕೊಳ್ಳಿ. ಆ ಮೊತ್ತಾನ 20ರಿಂದ ಭಾಗಿಸ್ಬೇಡಿ, 12ರಿಂದ ಭಾಗಿಸಿ. ಬರೋದು ನಿಮ್ಮ ಗಂಟೆ ರೇಟು. ಅದರ ಮೇಲೆ ಬಟ್ಟೆ, ಜಿಪ್, ಗುಂಡಿ, ಫ್ಯೂಸಿಂಗ್ ಖರ್ಚು, ಅದರ ಮೇಲೆ ದಾರ, ಸೂಜಿ, ಕರೆಂಟು, ಮಷೀನ್ ರಿಪೇರಿ ಇವಕ್ಕೆ ಸ್ವಲ್ಪ. ಇಷ್ಟು ಆದ್ರೆ ನಿಮ್ಮ ಕೂಲಿ ಮಾತ್ರ ಬಂದಂಗೆ. ನಾಳೆ ಹೊಸ ಕತ್ತರಿ ಬೇಕು, ಮಷೀನ್ ಕೈ ಕೊಡ್ತು ಅಂದ್ರೆ ಅದಕ್ಕೆ ಬಿಸಿನೆಸ್ಸಿಂದಾನೇ ದುಡ್ಡು ಬರ್ಬೇಕಲ್ವಾ, ಹಂಗಾಗಿ ಲಾಭ ಅಂತ ಇನ್ನೊಂದು ಪಾಲು ಸೇರ್ಲೇಬೇಕು. ಕಟ್ಟಿದ ರೇಟು ಆ ವಸ್ತುವಿಗೆ ಯಾರೂ ಕೊಡದಷ್ಟು ಹೆಚ್ಚಾದ್ರೆ ನಿಮ್ಮ ಗಂಟೆ ರೇಟ್ ಇಳಿಸೋದು ಕೊನೇ ದಾರಿ. ಮೊದ್ಲು ಹೊಲಿಯೋ ರೀತಿ ಸುಲಭ ಮಾಡೋಕೆ ಆಗುತ್ತಾ ನೋಡಿ, ಆಗಲ್ಲ ಅಂದ್ರೆ ಆ ವಸ್ತುವನ್ನೇ ಬಿಡಿ.

ನ್ಯಾಪ್ (ಒಂದೇ ಕಡೆ ಮಲಗಿರೋ ಮೇಲ್ಮೈ ನವಿರು) ಇರೋ ಬಟ್ಟೆ ಇದ್ರೆ ಮರೀಬೇಡಿ, ವೆಲ್ವೆಟ್ಟು, ಕಾರ್ಡುರಾಯ್ ಇವುಗಳ ಎಲ್ಲಾ ತುಂಡುಗಳೂ ಒಂದೇ ದಿಕ್ಕಿಗೆ ಕತ್ತರಿಸ್ಬೇಕು, ಇಲ್ಲ ಅಂದ್ರೆ ಒಂದು ತುಂಡು ಗಾಢ ಒಂದು ತುಂಡು ತೆಳು ಕಾಣುತ್ತೆ. ಅಂದ್ರೆ ಬಟ್ಟೆ ಹೆಚ್ಚು ಬೇಕು. ಚೌಕಳಿ, ಪಟ್ಟೆ ಹೊಂದಿಸ್ಬೇಕಾದ್ರೂ ಹಂಗೇ. ರೇಟ್ ಹೇಳೋಕೆ ಮುಂಚೆ ಬಟ್ಟೆ ಯಾವುದು ಅಂತ ಕೇಳಿ.

ದಾಕ್ಷಿಣ್ಯದ ಮಾತಿಗೆ ಬರ್ತೀನಿ. ಇದು ನಿಜವಾಗ್ಲೂ ಕಷ್ಟ, ನಂಗೆ ಅರ್ಥ ಆಗುತ್ತೆ. ಬಾಯಲ್ಲಿ ಹೇಳೋದರ ಬದಲು ಒಂದು ರೇಟ್ ಪಟ್ಟಿ ಬರೆದಿಟ್ಟುಬಿಡಿ, ಯಾರು ಕೇಳಿದ್ರೂ ಅದನ್ನೇ ಕಳಿಸಿ. ಹತ್ತಿರದವ್ರಿಗೆ ಉಡುಗೊರೆ ಕೊಡ್ಬೇಕು ಅನ್ಸಿದ್ರೆ ಮನಸಾರೆ ಪೂರ್ತಿ ಉಡುಗೊರೆಯಾಗೇ ಕೊಡಿ, ಅರ್ಧ ರೇಟು ಅಂತ ಮಾಡ್ಬೇಡಿ. ಅರ್ಧ ರೇಟಿನ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಅದೇ ನಿಮ್ಮ ರೇಟು ಅಂತ ಆಗ್ಬಿಡುತ್ತೆ. ನಿಮ್ಮನ್ನ ನಿಜವಾಗಿ ಇಷ್ಟಪಡೋರು ನಿಮ್ಮ ಕೆಲಸಕ್ಕೆ ಬೆಲೆ ಕೊಟ್ಟೇ ಕೊಡ್ತಾರೆ.

ಸಣ್ಣಟಾಕು:
ನಾನು ಮಕ್ಕಳ ಬಟ್ಟೆ ಮಾತ್ರ ಹೊಲಿದು ಮಾರೋದು, ಅದರ ಬಗ್ಗೆ ಯೋಚನೆ ಇದ್ರೆ ಎರಡು ವಿಷಯ ಹೇಳ್ಲೇಬೇಕು. ಬೇಗ ಮುಗಿಯುತ್ತೆ, ಬಟ್ಟೆ ಕಮ್ಮಿ ಸಾಕು, ನೋಡೋಕೆ ಮುದ್ದಾಗಿರುತ್ತೆ ಅಂತ ಎಲ್ರೂ ಇದರಿಂದ ಶುರು ಮಾಡ್ತಾರೆ. ಆದ್ರೆ ದುಡ್ಡಿಗೆ ಮಾರುವಾಗ ಮಗುವಿನ ಸುರಕ್ಷತೆ ನಮ್ಮ ಜವಾಬ್ದಾರಿ. ಕೊರಳ ಹತ್ರ, ಟೋಪಿ ಹತ್ರ ಎಳೆದು ಕಟ್ಟೋ ಲಾಡಿ ಹಾಕ್ಲೇಬೇಡಿ. ಜಾರುಬಂಡೆಯಲ್ಲೋ ಬಾಗಿಲಲ್ಲೋ ಸಿಕ್ಕಿಹಾಕ್ಕೊಂಡ್ರೆ ಕುತ್ತಿಗೆ ಬಿಗಿಯುತ್ತೆ. ಯುರೋಪಿನ ಇಎನ್ 14682 ಅನ್ನೋ ಸ್ಟ್ಯಾಂಡರ್ಡು 7 ವರ್ಷದೊಳಗಿನ ಮಕ್ಕಳ ಬಟ್ಟೇಲಿ ಆ ಜಾಗದಲ್ಲಿ ಲಾಡಿನೇ ಇರಬಾರ್ದು ಅನ್ನುತ್ತೆ. ನೀವಿರೋ ಕಡೆ ಏನು ನಿಯಮ ಇದೆ ಅಂತ ಮಾರೋಕೆ ಮುಂಚೆ ನೋಡ್ಕೊಳ್ಳಿ, ನಿಯಮ ಇಲ್ದಿದ್ರೂ ಹಾಕ್ಬೇಡಿ, ಬದಲಿಗೆ ಎಲಾಸ್ಟಿಕ್ಕೋ ಪ್ರೆಸ್ ಬಟನ್ನೋ ಹಾಕಿ. ಗುಂಡಿ ಹೊಲಿದ ಮೇಲೆ ಜೋರಾಗಿ ಎಳೆದು ನೋಡಿ, ಮಕ್ಕಳು ಕಚ್ಚಿ ಎಳೀತಾರೆ, ಕಿತ್ತು ಬಂದ್ರೆ ಗಂಟಲಿಗೆ ಹೋಗುತ್ತೆ. ಪುಟ್ಟ ಪಾಪುಗಳಿಗೆ ಗುಂಡಿ, ಮಣಿ ಎರಡೂ ಬೇಡ.

ಇನ್ನೊಂದು, ಬಟ್ಟೆ ಒಗೆದೇ ಕತ್ತರಿಸಿ. ಹತ್ತಿ ಬಟ್ಟೆ ನೂರಕ್ಕೆ 3 ಭಾಗ ಕುಗ್ಗಿತು ಅಂದ್ರೂ ಒಂದು ಮೀಟರಿಗೆ 3 ಸೆಂಟಿಮೀಟರ್ ಹೋಯ್ತು, ಕೆಲವು ಬಟ್ಟೆ ಇನ್ನೂ ಜಾಸ್ತಿ ಕುಗ್ಗುತ್ತೆ. ಮೊದಲ ಒಗೆತಕ್ಕೇ ಬಿಗಿಯಾದ ಬಟ್ಟೆ ಕೊಟ್ಟೋರ ಹತ್ರ ಎರಡನೇ ಸಲ ಯಾರೂ ಬರಲ್ಲ. ಯಾವ ಬಟ್ಟೆ ಅಂತ ಗೊತ್ತಿಲ್ದಿದ್ರೆ ಅಂಚಿನ ನಾಲ್ಕು ನೂಲು ಚಿಮಟದಲ್ಲಿ ಹಿಡಿದು ಲೋಹದ ತಟ್ಟೆ ಮೇಲೆ ಉರಿಸಿ ನೋಡಿ. ಹತ್ತಿ ಸುಟ್ಟ ಕಾಗದದ ವಾಸನೆ ಬಂದು ಮೆತ್ತನೆ ಬೂದಿ ಆಗುತ್ತೆ, ರೇಷ್ಮೆ ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಮಿಕ್ಸ್ ಬಟ್ಟೇಲಿ ಇದು ಪೂರ್ತಿ ಹೇಳಲ್ಲ, ಆದ್ರೂ ಇಸ್ತ್ರಿ ಎಷ್ಟು ಬಿಸಿ ಇಡ್ಬೇಕು ಅಂತ ಅಂದಾಜು ಸಿಗುತ್ತೆ.

ನೂಲೇಣಿ:
ಮೈಗೆ ಹೊಲಿದು ಕೊಡೋ ಯೋಚನೆ ಇದ್ರೆ ಅಳತೆ ಬಗ್ಗೆ ಒಂದು ಮಾತು. ಸೊಂಟಕ್ಕೆ ಒಂದು ಎಲಾಸ್ಟಿಕ್ ಕಟ್ಟಿ, ಅವರು ಒಂದೆರಡು ಸಲ ಪಕ್ಕಕ್ಕೆ ಬಾಗಿದ್ರೆ ಅದು ತಾನಾಗೇ ಸೊಂಟದ ಜಾಗಕ್ಕೆ ಹೋಗಿ ಕೂರುತ್ತೆ, ಅಲ್ಲಿಂದ ಉದ್ದ ಅಳೀರಿ. ಎರಡು ಭುಜಾನೂ ಅಳೀರಿ, ಒಂದೇ ಸಮ ಇರೋರು ಕಮ್ಮಿ. ಅವರು ಒಳಗೆ ಏನು ಹಾಕ್ಕೋತಾರೋ ಅದನ್ನೇ ಹಾಕ್ಕೊಂಡು ಅಳತೆಗೆ ಬರಲಿ. ದುಬಾರಿ ಬಟ್ಟೆ ಆದ್ರೆ ಮೊದ್ಲು ಅಗ್ಗದ ಬಿಳಿ ಕಾಟನ್‌ನಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ, ಉದ್ದ ಟಾಕು ಇಟ್ಕೊಳ್ಳಿ, 4 ಮಿಲಿಮೀಟರ್ ಆಸುಪಾಸು, ಎಳೆದ್ರೆ ಬಿಚ್ಚಿ ಬರ್ಬೇಕು. ಆ ಟೈಮನ್ನೂ ರೇಟಲ್ಲಿ ಸೇರಿಸಿ. ಕ್ರಾಸಿಗೆ (ನೂಲಿಗೆ ಓರೆಯಾಗಿ) ಕತ್ತರಿಸಿದ ಸ್ಕರ್ಟ್ ಆದ್ರೆ ಅಂಚು ಮಡಚೋಕೆ ಮುಂಚೆ ಒಂದಿಡೀ ದಿನ ನೇತು ಹಾಕಿ, 45 ಡಿಗ್ರಿ ಬರೋ ಕಡೆ ಬಟ್ಟೆ ಜೋಲುತ್ತೆ, ಜೋತ ಮೇಲೆ ನೆಲದಿಂದ ಅಳೆದು ಅಂಚು ಸಮ ಮಾಡಿ.

ಆಮೇಲೆ ಆರ್ಡರ್ ಬರೆದಿಡೋದು. ಎಷ್ಟೇ ಪರಿಚಯ ಇರಲಿ, ಏನು ಹೊಲೀಬೇಕು, ಬಟ್ಟೆ ಯಾರದ್ದು, ಅಳತೆ, ಕೊಡೋ ದಿನ, ಒಟ್ಟು ರೇಟು, ಮುಂಗಡ ಎಷ್ಟು ಕೊಟ್ರು, ಟ್ರಯಲ್ ಆದ ಮೇಲೆ ಎಷ್ಟು ಬದಲಾವಣೆ ಫ್ರೀ ಇದೆಲ್ಲಾ ಬರೆದು ಅವರಿಗೂ ಒಂದು ಕಾಪಿ ಕಳಿಸಿ. ಅವರೇ ಬಟ್ಟೆ ತಂದುಕೊಟ್ರೆ ಅವರ ಮುಂದೇನೇ ಬೆಳಕಿಗೆ ಹಿಡಿದು ನೋಡಿ, ಕಲೆ, ನೂಲು ಎದ್ದಿರೋದು, ಬಣ್ಣ ಹೆಚ್ಚುಕಮ್ಮಿ ಏನಿದ್ರೂ ಆಗಲೇ ಹೇಳಿ. ಮುಂಗಡ ಇಲ್ದೆ ಕತ್ತರಿ ಹಾಕ್ಬೇಡಿ.

ಮಡಿಕೆ:
ತುಂಬಾ ಒಳ್ಳೇ ಚರ್ಚೆ. ಹೊಲಿಗೆಪ್ರೀತಿ ಅವರು ಕೇಳಿದ ಕೊನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಇಷ್ಟ ಹೋಗ್ಬಿಡುತ್ತಾ ಅಂತ. ನಂಗೆ ಅನ್ಸಿದ್ದು ಹೇಳ್ತೀನಿ. ಇಷ್ಟ ಹೋಗೋದು ದುಡ್ಡಿನಿಂದ ಅಂತ ನಂಗನ್ಸಲ್ಲ, ಸುಸ್ತಿನಿಂದ. ಆರ್ಡರ್ ಮೇಲೆ ಆರ್ಡರ್ ಒಪ್ಕೊಂಡು ರಾತ್ರಿ ಎಲ್ಲಾ ಕೂತು ಹೊಲಿದು, ಬೆನ್ನು ಕತ್ತು ನೋವು ಬಂದು, ಕಣ್ಣು ಉರಿದು, ಅಷ್ಟಾದ ಮೇಲೆ ಸಿಕ್ಕಿದ ದುಡ್ಡು ನೋಡಿದಾಗ ಬೇಜಾರು ಬರುತ್ತೆ. ಮೊದಲನೇದಾಗಿ ಕೂರೋ ಜಾಗ ಸರಿ ಮಾಡ್ಕೊಳ್ಳಿ. ಮೊಣಕೈ ಮಡಚಿದಾಗ ಟೇಬಲ್ಲು ಅದೇ ಎತ್ತರಕ್ಕೆ ಬರ್ಬೇಕು, ಪಾದ ಪೂರ್ತಿ ನೆಲದ ಮೇಲೆ ಇರ್ಬೇಕು, ಸೂಜಿ ಮೇಲೆ ನೇರ ಬೆಳಕು ಬೀಳ್ಬೇಕು. ಕತ್ತರಿಸೋದು ನೆಲದ ಮೇಲೆ ಬಗ್ಗಿ ಮಾಡ್ಬೇಡಿ, ಎತ್ತರದ ಟೇಬಲ್ ಮೇಲೆ ನಿಂತು ಮಾಡಿ, ಬೆನ್ನಿಗೆ ಇದರಿಂದ ಆಗೋ ಉಪಕಾರ ಅಷ್ಟಿಷ್ಟಲ್ಲ. ಗಂಟೆಗೊಂದು ಸಲ ಎದ್ದು ಓಡಾಡಿ.

ಎರಡನೇದು, ನಿಮಗೋಸ್ಕರ ಹೊಲಿಯೋಕೆ ಒಂದು ಹೊತ್ತು ಉಳಿಸ್ಕೊಳ್ಳಿ. ಆರ್ಡರ್ ಇಲ್ದೆ, ಡೆಡ್‌ಲೈನ್ ಇಲ್ದೆ, ಮಾರೋ ಉದ್ದೇಶ ಇಲ್ದೆ, ಇಷ್ಟ ಬಂದ ಬಟ್ಟೇಲಿ ಇಷ್ಟ ಬಂದಂಗೆ ಹೊಲಿಯೋದು. ನಾನು ಕ್ವಿಲ್ಟ್ ಮಾಡ್ತೀನಿ, ತುಂಡು ತುಂಡು ಜೋಡಿಸ್ತಾ ಇರ್ತೀನಿ, ಅದು ಮುಗಿಯೋಕೆ ಎಷ್ಟು ದಿನ ಬೇಕಾದ್ರೂ ತಗೊಳ್ಳಲಿ. ಹೊಲಿಗೆ ಅಂದ್ರೆ ನಂಗೆ ಈಗಲೂ ಮೊದಲಿನಷ್ಟೇ ಪ್ರೀತಿ.

ಕತ್ತರಿಕೈ:
ಮಡಿಕೆ ಅವರ ಮಾತಿಗೆ ಒಂದು ಸೇರಿಸ್ತೀನಿ. ದಿನಾಂಕ ಕೊಡುವಾಗ ನಿಮಗೆ ಅನ್ಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಟೈಮ್ ಕೇಳಿ, ಬೇಗ ಮುಗಿದ್ರೆ ಅವರಿಗೂ ಖುಷಿ. ಅರ್ಜೆಂಟ್ ಬೇಕು ಅಂದ್ರೆ ಅದಕ್ಕೆ ಬೇರೆ ರೇಟು ಅಂತ ಪಟ್ಟಿಯಲ್ಲೇ ಬರೀರಿ, ಅರ್ಧಕ್ಕರ್ಧ ಅರ್ಜೆಂಟುಗಳು ತಾವಾಗೇ ಕಮ್ಮಿ ಆಗ್ತವೆ.

ಹೊಲಿಗೆಪ್ರೀತಿ:
ಮತ್ತೆ ಬಂದೆ. ನೀವೆಲ್ಲಾ ಹೇಳಿದಂಗೆ ಟೈಮ್ ಬರೆದೆ. ನೋಡಿದ್ರೆ ಬಟ್ಟೆ ಹೊಲಿಯುವಾಗ ನನ್ನ ಹೆಚ್ಚು ಟೈಮ್ ಹೋಗ್ತಿರೋದು ಟ್ರಯಲ್ಲು, ತಿದ್ದೋದು ಇವುಗಳಲ್ಲಿ, ನಂಗೆ ಅದು ಅಷ್ಟು ಇಷ್ಟಾನೂ ಇಲ್ಲ. ಬ್ಯಾಗು ಪೌಚಲ್ಲಿ ಟೈಮ್ ಹೆಚ್ಚುಕಮ್ಮಿ ಆಗ್ತಾನೇ ಇಲ್ಲ, ಪ್ರತಿ ಸಲ ಒಂದೇ ಥರ ಬರ್ತಿದೆ, ಹೊಲಿಯುವಾಗ ಮನಸ್ಸಿಗೂ ಹಿತ ಅನ್ಸುತ್ತೆ. ಹಂಗಾಗಿ ಲೈನಿಂಗ್ ಇರೋ ಜಿಪ್ ಪೌಚು, ಒಂದೇ ಡಿಸೈನು, ಎರಡು ಸೈಜು, ಇಷ್ಟರಿಂದ ಶುರು ಮಾಡೋಣ ಅಂತಿದೀನಿ. ರೇಟ್ ಪಟ್ಟಿ ಬರೆದೂ ಆಯ್ತು. ಗೊತ್ತಿರೋ ಒಬ್ಬರಿಗೆ ಪಟ್ಟಿ ಕಳಿಸಿದೆ, ಏನೂ ಚೌಕಾಸಿ ಮಾಡದೆ ಆರ್ಡರ್ ಕೊಟ್ರು, ಅವತ್ತು ಎಷ್ಟು ಸಂತೋಷ ಆಯ್ತು ಹೇಳೋಕಾಗಲ್ಲ.

ಈಗ ಪ್ರಶ್ನೆ, ಒಂದೊಂದೇ ಪೌಚ್ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗ್ಲಾ, ಇಲ್ಲ ಒಟ್ಟಿಗೆ ಹತ್ತು ಹನ್ನೆರಡು ಮಾಡ್ಲಾ? ಪ್ಯಾಟರ್ನ್ ನಾನೇ ಕಾಗದದ ಮೇಲೆ ಬರ್ಕೊಂಡಿದ್ದು, ಯಾರದ್ದೂ ಅಲ್ಲ.

ನೂಲೇಣಿ:
ಪ್ಯಾಟರ್ನ್ ನಿಮ್ಮದೇ ಆಗಿರೋದು ಒಳ್ಳೇದು. ಬೇರೆಯವರ ಪ್ಯಾಟರ್ನ್ ಕೊಂಡು ಹೊಲಿದು ಮಾರೋದಾದ್ರೆ ಅದರ ಜೊತೆ ಬಂದಿರೋ ಷರತ್ತು ಓದ್ಬೇಕು, ಕೆಲವರು ಸ್ವಂತಕ್ಕೆ ಮಾತ್ರ ಅಂತ ಬರೆದಿರ್ತಾರೆ. ಫೇಮಸ್ ಕಾರ್ಟೂನ್ ಇರೋ ಬಟ್ಟೆ ವಿಷಯದಲ್ಲೂ ಜೋಪಾನ.

ಬಾಬಿನ್‌ಬುಟ್ಟಿ:
ಹೊಸ ಆರ್ಡರಿಗೆ ಅಭಿನಂದನೆ! ಒಟ್ಟಿಗೆ ಮಾಡಿ, ಆದ್ರೆ ಶುರುವಲ್ಲಿ ಹನ್ನೆರಡು ಬೇಡ, ಆರು ಸಾಕು. ಪ್ಯಾಟರ್ನನ್ನ ಕಾಗದದಿಂದ ದಪ್ಪ ರಟ್ಟಿಗೋ ಪ್ಲಾಸ್ಟಿಕ್ ಶೀಟಿಗೋ ಹಾಕ್ಕೊಳ್ಳಿ, ಬಟ್ಟೆಯ ಉದ್ದ ನೂಲಿನ ದಿಕ್ಕು ತೋರಿಸೋ ಗೆರೆ, ಜಿಪ್ ಬರೋ ಕಡೆ ಎರಡನ್ನೂ ಅದರ ಮೇಲೇ ಗುರುತು ಮಾಡಿ. ಮೊದ್ಲು ಎಲ್ಲಾ ಆರರ ಹೊರಬಟ್ಟೆ, ಲೈನಿಂಗು, ಫ್ಯೂಸಿಂಗ್ ಕತ್ತರಿಸಿ ಒಂದೊಂದು ಪೌಚಿನ ತುಂಡುಗಳನ್ನ ಕ್ಲಿಪ್ ಹಾಕಿ ಕಟ್ಟಿಡಿ. ಆಮೇಲೆ ಎಲ್ಲದಕ್ಕೂ ಫ್ಯೂಸಿಂಗ್ ಒಂದೇ ಸಲ ಅಂಟಿಸಿ, ಇಸ್ತ್ರಿಪೆಟ್ಟಿಗೆ ಉಜ್ಜಬೇಡಿ, ಎತ್ತಿ ಎತ್ತಿ ಇಟ್ಟು ಒತ್ತಿ, ತಣ್ಣಗಾಗೋವರೆಗೆ ಅಲುಗಾಡಿಸ್ಬೇಡಿ, ಬಿಸಿ ಇದ್ದಾಗ ತೆಗೆದ್ರೆ ಆಮೇಲೆ ಗುಳ್ಳೆ ಏಳುತ್ತೆ. ಆಮೇಲೆ ಎಲ್ಲಾ ಜಿಪ್ಪೂ ಒಟ್ಟಿಗೆ, ಜಿಪ್ ಫುಟ್ (ಜಿಪ್ ಹೊಲಿಯೋ ಮಷೀನ್ ಪಾದ) ಒಂದು ಸಲ ಹಾಕಿದ್ರೆ ಆರೂ ಮುಗಿಯೋವರೆಗೆ ಬದಲಾಯಿಸೋದು ಬೇಡ. ಒಂದು ಪೌಚ್ ಮುಗಿದ ಮೇಲೆ ದಾರ ಕತ್ತರಿಸದೆ ಮುಂದಿನದನ್ನ ಪಾದದ ಕೆಳಗೆ ತಳ್ಳಿ, ಸಾಲಾಗಿ ಹೊಲಿದು ಕೊನೇಲಿ ಎಲ್ಲಾ ಒಟ್ಟಿಗೆ ಕತ್ತರಿಸಿ, ದಾರಾನೂ ಟೈಮೂ ಎರಡೂ ಉಳಿಯುತ್ತೆ. ಇದನ್ನ ಮಾಡುವಾಗ ಶುರು ಕೊನೆ ಎರಡೂ ಕಡೆ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡೋದು ಬಿಡ್ಬೇಡಿ, ಮಾರೋ ವಸ್ತುವಲ್ಲಿ ಜಿಪ್ ತುದಿ ಬಿಚ್ಕೊಳ್ಳೋದೇ ಹೆಚ್ಚು.

ಟೈಮ್ ಪುಸ್ತಕದಲ್ಲಿ ಆರರ ಒಟ್ಟು ಟೈಮ್ ಬರೆದು ಆರರಿಂದ ಭಾಗಿಸಿ, ಒಂದೊಂದೇ ಹೊಲಿದಾಗ ಬಂದಿದ್ದಕ್ಕೆ ಹೋಲಿಸಿ ಇಲ್ಲಿ ಬರೀರಿ, ನಂಗೂ ಕುತೂಹಲ ಇದೆ. ಹಾಂ, ಕೊನೇ ಸುತ್ತು ಹೊಲಿಯೋಕೆ ಮುಂಚೆ ಪ್ರತಿಯೊಂದರ ಜಿಪ್ಪೂ ಅರ್ಧಕ್ಕಿಂತ ಹೆಚ್ಚು ತೆರೆದಿಟ್ಟಿದೀರಾ ನೋಡ್ಕೊಳ್ಳಿ, ಮುಚ್ಚಿದ್ರೆ ಒಳಮೈ ಹೊರಗೆ ತಿರುಗಿಸೋಕೆ ಕೈ ಹೋಗಲ್ಲ.